ಪಿಕ್ಚರ್‌ನಾಗ ಸಾವು ಎದುರಿಗೆ ಬಂದಾಗ ಮಂದಿ ಹಂಗ್ಯಾಕ ಮಾಡ್ತಾರ?

ಉಣಕಲ್ ಸಂಜಿಗಾಳಿ · ಹುಬ್ಬಳ್ಳಿ

ಭಾನುವಾರ ರಾತ್ರಿ ಗೋಕುಲ ರೋಡ್ ಕಡೆ ಸೆಕೆಂಡ್ ಶೋಕ್ಕ ಹೋಗಿದ್ವಿ. ಹೊಳಿ ಬಂದು ಸಿಕ್ಕೊಂಡ ಒಂದು ಮನಿತನದ ಕತಿ. ಹೆಸರು ಹೇಳೂದಿಲ್ಲ, ಇನ್ನೂ ನೋಡದವರು ಇದ್ದೀರಿ. ನೀರು ಮೊಳಕಾಲಿಗೆ ಬಂದೈತಿ, ಹೊರಗ ಬೋಟ್ ನಿಂತೈತಿ, ಹೀರೋನ ಅಕ್ಕ ಒಳಗ ಹೋಗಿ ಟ್ರಂಕ್ ತಗದು ಸೀರಿ ಮಡಚಿ ಮಡಚಿ ಚೀಲಕ್ಕ ತುಂಬಾಕತ್ತಾಳ! ತುರುಕಿದ್ರ ಒಂದು ಮಾತು, ಮಡಚಾಕತ್ತಾಳ! ಥೇಟರದಾಗ ಅರ್ಧ ಮಂದಿ "ಬಾರಬೇ ಯವ್ವಾ ಹೊರಗ" ಅಂತ ಒದರಿದ್ರು. ನನ್ನ ಮಗ್ಗಲ ಕುಂತಿದ್ದ ತಮ್ಮ ಎದ್ದೇ ನಿಂತಿದ್ದ.

ನಂದು ಎರಡು ತಕರಾರು. ಒಂದು, ಇಂಥಾ ಪಿಕ್ಚರ್‌ನಾಗ ಮಂದಿಗೆ ಬುದ್ಧಿನ ಇರೂದಿಲ್ಲ. ಎರಡು, ಬುದ್ಧಿ ಇಲ್ಲದಿದ್ರೂ ಮಾತಿಗೇನು ಬರಗಾಲ ಇಲ್ಲ. ತೊಲಿ ಕೆಳಗ ಸಿಕ್ಕಾಂವ ಎರಡು ಪುಟ ಡೈಲಾಗ್ ಹೊಡೀತಾನ, ಉಸಿರು ಎಲ್ಲಿಂದ ಬರ್ತೈತೋ ಏನೋ. ನಿಮಗ್ಯಾರಿಗರ ಖರೇನ ಜೀವದ ಮ್ಯಾಲೆ ಬಂದಿತ್ತೇನು? ಆವಾಗ ಏನು ಮಾಡಿದ್ರಿ? ಇದ್ದದ್ದು ಇದ್ದಂಗ ಹೇಳ್ರಿ, ಉಬ್ಬಿಸಬ್ಯಾಡ್ರಿ.

ಮಿರ್ಚಿ ಗಿರ್ಮಿಟ್ · ಹಳೇ ಹುಬ್ಬಳ್ಳಿ

ಸೀರಿ ಬಿಡೋ ದೋಸ್ತ. ಮನ್ಯಾಗ ದೆವ್ವ ಐತಿ ಅಂತ ಖಾತ್ರಿ ಆದ ಮ್ಯಾಲೆ "ನೀ ಮ್ಯಾಲೆ ನೋಡು, ನಾ ಕೆಳಗ ನೋಡ್ತೀನಿ" ಅಂತ ಬ್ಯಾರೆ ಬ್ಯಾರೆ ಆಗ್ತಾರಲ್ಲಾ, ಅದಕ್ಕೇನಂತಿ? ನಮ್ಮ ಓಣ್ಯಾಗ ಕರೆಂಟ್ ಹೋದ್ರ ಹಿತ್ತಲಕ್ಕ ಹೋಗಾಕೂ ಜೋಡಿ ಬೇಕು. ನಾವೇನಾರ ಆ ಪಿಕ್ಚರ್‌ನಾಗ ಇದ್ದಿದ್ರ ಹತ್ತು ನಿಮಿಷಕ್ಕ ಮುಗದು ಹೋಗ್ತಿತ್ತು, ಎಲ್ಲಾರೂ ಮನಿಗೆ.

ಕೊಣ್ಣೂರಾಂವ · ನರಗುಂದ ತಾಲೂಕು

ಸಂಜಿಗಾಳಿ ಅಣ್ಣಾ, ನೀವು ಹೇಳಿದ ಸೀರಿ ಮಡಚಾಕಿ ನಮ್ಮವ್ವ ಇದ್ದಂಗ ಆತು.

2019ರ ಆಗಸ್ಟ್. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾರ, ಮಲಪ್ರಭಾ ಏರಾಕತ್ತಾಳ ಅಂತ ಆಟೋದಾಗ ಮೈಕ್ ಹಚ್ಚಿ ಒದರಿಕೋತ ಹೋದ್ರು. ನಮ್ಮಪ್ಪ ಕಟ್ಟಿ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೋತಿದ್ದ. "2009ರಾಗ ಗುಡಿ ಪಾವಟಿಗಿಗೆ ಬಂದು ನಿಂತಿತ್ತು, ಈ ಸಲನೂ ಅಲ್ಲೇ ನಿಲ್ತೈತಿ" ಅಂದ. ಬರೇ ನಮ್ಮಪ್ಪ ಅಲ್ರಿ, ಓಣಿಗೆ ಓಣಿನ ಹಂಗ ಅಂದಿತ್ತು. ನಾನೂ ಅಂದಿದ್ದೆ, ಸುಳ್ಳ್ಯಾಕ ಹೇಳ್ಲಿ. ಜ್ವಾಳದ ಚೀಲ ನಾಕು ಅಟ್ಟಕ್ಕ ಏರಿಸಿ, ದೊಡ್ಡ ಕೆಲಸ ಮಾಡೀವಿ ಅಂತ ಚಾ ಕುಡದ್ವಿ.

ನೀರು ಅಂಗಳಕ್ಕ ಬಂದಾಗ ಯಾರೂ ಚೀರಲಿಲ್ಲ. ನಂಗ ಇವತ್ತಿಗೂ ವಿಚಿತ್ರ ಅನಸೂದು ಅದ. ಪಿಕ್ಚರ್‌ನಾಗ ನೀರು ಸಪ್ಪಳ ಮಾಡ್ಕೋತ ಗ್ವಾಡಿ ಒಡಕೊಂಡು ಬರ್ತೈತಿ. ನಮ್ಮನಿಗೆ ಬಂದ ನೀರು ಸದ್ದಿಲ್ಲದ ಬಂತು, ಬಚ್ಚಲದಿಂದ, ಉಲ್ಟಾ. ನಾನು ಆಕಳ ಹಗ್ಗ ಬಿಚ್ಚಿದೆ. ಅಪ್ಪ ತನ್ನ ಕನ್ನಡಕ ಹುಡುಕಾಕತ್ತಿದ. ಅದು ಅವನ ಕಿಸೆದಾಗ ಇತ್ತು. ಅವ್ವ ಗ್ಯಾಸಿನ ಕಾಕ್ ಬಂದ್ ಮಾಡಿದ್ಲು, ಒಲಿ ಮ್ಯಾಲಿನ ಹಾಲಿನ ಗುಂಡಿಗಿ ಮ್ಯಾಲೆ ತಾಟು ಮುಚ್ಚಿದ್ಲು, ದೇವರ ಮುಂದಿನ ದೀಪ ನೋಡಿದ್ಲು. ಎಲ್ಲಾರೂ ಹೊರಗ ಬಂದು ಟ್ರ್ಯಾಕ್ಟರ್ ಏರಿದ ಮ್ಯಾಲೆ ಆಕಿ ಇಳದು, ಸೊಂಟದ ತನಕ ನೀರಾಗ ತಿರುಗಿ ಹೋಗಿ ಬಾಗಲಕ್ಕ ಕೀಲಿ ಹಾಕಿದ್ಲು. ಎರಡ ಸಲ ಜಗ್ಗಿ ನೋಡಿದ್ಲು ಬಿದ್ದೈತಿಲ್ಲೋ ಅಂತ.

ಇದನ್ನ ಯಾರರ ಪಿಕ್ಚರ್ ಮಾಡಿದ್ರ ನೀವು ಅದಕ್ಕೂ ಸೀಟಿ ಹೊಡೀತಿದ್ರಿ.

ಸಪ್ತಾಪುರದ ಮೇಡಂ · ಧಾರವಾಡ

ಕೊಣ್ಣೂರಾಂವ ಅವರು ಬರದದ್ದು ನಾ ಎರಡು ಸಲ ಓದಿದೆ. ಕಾಲೇಜಿನ್ಯಾಗ ಮನಃಶಾಸ್ತ್ರ ಕಲಿಸಿದಾಕಿ ನಾನು. ಇಪ್ಪತ್ತು ವರ್ಷ ಹುಡುಗರಿಗೆ ಇದನ್ನ ಹೇಳಬೇಕಂದ್ರ ಅಮೇರಿಕಾದ ಪ್ರಯೋಗನ ಹೇಳತಿದ್ದೆ. ಇನ್ನ ಮುಂದ ಹಾಲಿನ ಗುಂಡಿಗಿ ಹೇಳತೀನಿ.

ಆ ಪ್ರಯೋಗ 1968ರದ್ದು. ಲತಾನೆ, ಡಾರ್ಲಿ ಅಂತ ಇಬ್ಬರು. ಹುಡುಗರನ್ನ ಒಂದು ಖೋಲ್ಯಾಗ ಕೂಡಿಸಿ ಪ್ರಶ್ನೆಪತ್ರಿಕೆ ತುಂಬಲಿಕ್ಕೆ ಕೊಟ್ಟು, ಗ್ವಾಡಿ ಕಿಂಡಿಯೊಳಗಿಂದ ಹೊಗಿ ಬಿಟ್ಟರು. ಒಬ್ಬನ ಇದ್ದಾಗ ನೂರಕ್ಕ 75 ಮಂದಿ ಎದ್ದು ಹೋಗಿ ಹೇಳಿದರು. ಸುಮ್ಮನಿರಬೇಕು ಅಂತ ಮೊದಲ ಹೇಳಿ ಕೂಡಿಸಿದ್ದ ಇಬ್ಬರ ಜೋಡಿ ಇದ್ದಾಗ, ನೂರಕ್ಕ 10 ಮಂದಿ ಅಷ್ಟ. ಉಳದವರು ಕಣ್ಣು ತಿಕ್ಕೋತ, ಕೆಮ್ಮಕೋತ, ಹೊಗಿ ಸರಿಸಿ ಬರಕೋತ ಕೂತರು. ಮನುಷ್ಯ ಅಪಾಯ ಬಂತೋ ಇಲ್ಲೋ ಅಂತ ಹೊಗಿ ನೋಡಿ ತಿಳಕೊಳ್ಳೂದಿಲ್ಲ, ಮಗ್ಗಲದವರ ಮುಖ ನೋಡಿ ತಿಳಕೋತಾನ. ಕೊಣ್ಣೂರಿನ ಓಣ್ಯಾಗ ಎಲ್ಲಾರೂ ಎಲ್ಲಾರ ಮುಖ ನೋಡಿದರು, ಅಷ್ಟ.

ಇದಕ್ಕಿಂತ ಕೆಟ್ಟದ್ದು 1977ರ ಮಾರ್ಚ್ 27, ಸ್ಪೇನ್ ದೇಶದ ಟೆನೆರೀಫ್ ನಡುಗಡ್ಡಿ. ರನ್‌ವೇ ಮ್ಯಾಲೆ ಎರಡು ಜಂಬೋ ವಿಮಾನ ಡಿಕ್ಕಿ ಆಗಿ 583 ಮಂದಿ ಸತ್ತರು. ಒಂದರೊಳಗಿನವರಿಗೆ ಹೊರಗ ಬೀಳಲಿಕ್ಕೆ ಒಂಚೂರು ಹೊತ್ತು ಸಿಕ್ಕಿತ್ತು. ಬದುಕಿ ಬಂದವರು ಹೇಳಿದ್ದೇನು ಗೊತ್ತದ ಏನು? ಗಾಯಾನೂ ಆಗದ ಎಷ್ಟೋ ಮಂದಿ ಬೆಲ್ಟ್ ಸುದ್ದಾ ಬಿಚ್ಚದ ಸುಮ್ಮನ ಕೂತಿದ್ದರಂತ. ಸಿನಿಮಾದವರು ಇಂಥ ಕಡೆ ನೂಕುನುಗ್ಗಲು ತೋರಸತಾರ. ಖರೇ ಭಯಂಕರ ಅದು ಆ ಸುಮ್ಮನ ಕೂತವರದು.

ಉಣಕಲ್ ಸಂಜಿಗಾಳಿ

ಕೊಣ್ಣೂರಾಂವ, ಕ್ಷಮಿಸ್ರಿ. ನಿಮ್ಮವ್ವಾರಿಗೆ ಸೀಟಿ ಹೊಡಿಯಾಂವ ಅಲ್ಲ ನಾನು.

ಆದ್ರ ಮೇಡಂ, ಒಂದು ಮಾತು. ನಿಮ್ಮ ಹೊಗಿ ಖೋಲ್ಯಾಗಿನ ಹುಡುಗರಿಗೆ ಹೊಗಿ ಏನಂತ ಗೊತ್ತಿರಲಿಲ್ಲ. ಪಿಕ್ಚರ್‌ನಾಗ ಎಲ್ಲಾ ಗೊತ್ತಾದ ಮ್ಯಾಲೂ ಹಂಗ ಮಾಡ್ತಾರ. ಬೋಟಿನಾಂವ ಒದರಾಕತ್ತಾನ, ಡ್ಯಾಮ್ ಒಡದೈತಿ ಅಂತ ಟೀವಿಯಾಗ ಬಂದೈತಿ, ಆದ್ರೂ ಸೀರಿ.

ಸಪ್ತಾಪುರದ ಮೇಡಂ

ನಿಮಗ ಗೊತ್ತಾಗಿರತದ. ಅವರಿಗಲ್ಲ. ನಿಮಗ ಹಿಂದ ತಬಲಾ, ವಯೊಲಿನ್ ಬಾರಿಸಿ ಹೇಳತಾರ, ಮ್ಯಾಲಿಂದ ಡ್ರೋಣ್ ಹಾರಿಸಿ ತೋರಸತಾರ, ಮ್ಯಾಲೆ ರೊಕ್ಕ ಕೊಟ್ಟು ಕೂತೀರಿ "ಈಗ ಏನೋ ಆಗತದ" ಅಂತ. ಆ ಅಕ್ಕಗ ಯಾರು ಬಾರಿಸಿ ಹೇಳಬೇಕು?

ನಾಟಕದ ಮಾಸ್ತರ · ಗದಗ

ಎಲ್ಲಾರೂ ಖರೇ ಖರೇ ಅಂತ ಕುಂತೀರಿ, ನಂದೊಂದು ಅಡ್ಡ ಮಾತು. ನಮ್ಮ ದೊಡ್ಡಾಟದಾಗ ಎದಿಗೆ ಬಾಣ ನಟ್ಟಾಂವ ಬೀಳೂಕಿಂತ ಮೊದಲ ಪದ ಹಾಡ್ತಾನ, ಅರ್ಥ ಹೇಳ್ತಾನ, ಭಾಗವತರ ಜೋಡಿ ಸವಾಲು ಜವಾಬು ಮಾಡ್ತಾನ. ಅರ್ಧ ತಾಸು. ಕುಣದು ಸಾಯ್ತಾನ. ಯಾರರ "ಏ, ಬಾಣ ಬಡದಾಂವ ಹಂಗ ಕುಣಿಯೂದಿಲ್ಲ" ಅಂದಾರೇನು? ಆ ಹೊತ್ತಿಗೆ ಮುದುಕ್ಯಾರು ಸೆರಗು ಕಣ್ಣಿಗೆ ಹಚ್ಕೊಂಡಿರ್ತಾರ. ಸಾಯೂ ಮನುಷ್ಯಾ ಒಳಗ ಏನು ಅನಸ್ಕೊಂಡಾನು ಅನ್ನೂದನ್ನ ಹೊರಗ ತಗದು ಅರ್ಧ ತಾಸಿನ ಪದ ಮಾಡಿಟ್ಟಾರ ನಮ್ಮ ಹಿರ್ಯಾರು.

ಪಿಕ್ಚರ್‌ದವರ ತಪ್ಪು ಸುಳ್ಳು ಹೇಳೂದಲ್ಲ. ಬೆವರು, ಕೆಸರು, ರಕ್ತ ಎಲ್ಲಾ ಖರೇದ್ದರ ಹಂಗ ಹಚ್ಚಿ, ಬಾಯಾಗ ಮಾತ್ರ ನಾಟಕದ ಮಾತು ಇಡ್ತಾರಲ್ಲಾ, ಅಲ್ಲಿ ಕೆಡ್ತೈತಿ. ದೊಡ್ಡಾಟ ಆಡ್ತೀಯೋ ದೊಡ್ಡಾಟ ಆಡು, ಕಿರೀಟ ಇಟ್ಕೋ.

ಹೋರಿಹುಚ್ಚ · ಹಾವೇರಿ

ನಂದೊಂದು ಅನುಭವ ಐತ್ರಿ. ದೀಪಾವಳಿ ಆದಮ್ಯಾಲೆ ನಮ್ಮ ಕಡೆ ಹೋರಿ ಬೆದರಸೂದು ಗೊತ್ತಲ್ಲ. ಹೋರಿ ಕೊಳ್ಳಾಗ ಕೊಬ್ಬರಿ ಸರ, ಕೋಡಿಗೆ ಬಲೂನು, ಜೂಲಾ ಹಾಕಿ ಬಿಡ್ತಾರ. ಓಡಿ ಬರೂ ಹೋರಿದು ಕೊಬ್ಬರಿ ಹರಿಯಬೇಕು. ಸಣ್ಣಾಂವ ಇದ್ದಾಗಿಂದ ಅಖಾಡಾದಾಗ ಬೆಳದಾಂವ ನಾನು, ಹೋರಿ ಬಂದ್ರ ಬಲಕ್ಕ ಜಿಗೀಬೇಕೋ ಎಡಕ್ಕೋ ಅಂತ ಹತ್ತು ಹುಡುಗರಿಗೆ ಹೇಳಿಕೊಟ್ಟೀನಿ.

ಆರು ವರ್ಷದ ಹಿಂದ ಒಂದು ಹೋರಿ ಸೀದಾ ನನ್ನ ಮ್ಯಾಲೆ ಬಂತು. ನಾ ಜಿಗೀಲಿಲ್ಲ. ಓಡಲಿಲ್ಲ. ನಿಂತೆ. ಕಾಲು ನೆಲಕ್ಕ ಹೊಲದಂಗ ಆಗಿತ್ತು. ಸುತ್ತ ಸಾವಿರ ಮಂದಿ ಕೇಕಿ ಹಾಕಾಕತ್ತಿದ್ರು, ಹಲಗಿ ಬಡ್ಯಾಕತ್ತಿದ್ರು, ನನ್ನ ಕಿವ್ಯಾಗ ಏನೇನೂ ಇಲ್ಲ. ಹೋರಿದು ಎಡಗೋಡಿಗೆ ಕಟ್ಟಿದ್ದ ಒಂದು ನೀಲಿ ಬಲೂನು, ಅರ್ಧ ಗಾಳಿ ಹೋಗಿ ಸುಕ್ಕಾಗಿತ್ತು. ಅದೊಂದು ಕಂಡದ್ದು. ಅದನ್ನ ಭಾಳ ಹೊತ್ತು ನೋಡಿದೆ ಅನಸ್ತೈತಿ, ಪಿಕ್ಚರ್‌ನಾಗ ಸ್ಲೋ ಮೋಷನ್ ಇರ್ತೈತಲ್ಲ, ಥೇಟ್ ಹಂಗ. ಕಡೀಕ ನಮ್ಮ ಕಾಕಾ ಅಂಗಿ ಹಿಡದು ಜಗ್ಗಿದ, ಬಿದ್ದೆ, ಪಕ್ಕಡಿ ಎರಡು ಮುರದ್ವು ಅಷ್ಟ.

ಮಂದಿ "ಭಾರೀ ಗಂಡು, ಎದಿ ಕೊಟ್ಟು ನಿಂತ" ಅಂತ ಹೊಗಳಿದ್ರು. ಇವತ್ತಿನ ತನಕ ಊರಾಗ ಖರೇ ಹೇಳಿಲ್ಲ. ಇಲ್ಲಿ ಹೇಳೀನಿ.

ಸಪ್ತಾಪುರದ ಮೇಡಂ

ಹೋರಿಹುಚ್ಚ ತಮ್ಮಾ, ಆ ಸ್ಲೋ ಮೋಷನ್ ಬಗ್ಗೆ ಒಂದು ಮಜಾ ಸಂಗತಿ. ಡೇವಿಡ್ ಈಗಲ್‌ಮನ್ ಅನ್ನೋ ವಿಜ್ಞಾನಿ ಮತ್ತ ಅವನ ಜೋಡಿದಾರರು ಮಂದೀನ 31 ಮೀಟರ್ ಎತ್ತರದಿಂದ ಅಂಗಾತ ಕೆಳಗ ಬಲಿಗೆ ಬಿಟ್ಟರು. ಕೈಗೆ ಗಡಿಯಾರದಂಥಾದ್ದು ಕಟ್ಟಿದ್ದರು, ಅದರಾಗ ಅಂಕಿ ಎಷ್ಟು ಲಗೂನ ಬದಲಾಗತಿದ್ವು ಅಂದ್ರ ಬರೇ ಕಣ್ಣಿಗೆ ಹಿಡೀತಿರಲಿಲ್ಲ. ಖರೇನ ಹೊತ್ತು ನಿಧಾನ ಆಗತಿದ್ದರ ಬೀಳೂ ಮುಂದ ಅದನ್ನ ಓದಲಿಕ್ಕೆ ಬರಬೇಕಿತ್ತು. ಯಾರಿಗೂ ಬರಲಿಲ್ಲ. ಆದರ ಆಮ್ಯಾಲೆ ಕೇಳಿದಾಗ, ಬ್ಯಾರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ಹಿಡೀತು ಅಂದರು. 2007ರಾಗ ಪ್ರಕಟ ಆದದ್ದು. ಅಂದ್ರ ಆ ಗಳಿಗಿ ಉದ್ದ ಆಗೂದಿಲ್ಲ, ಅದರ ನೆನಪು ದಟ್ಟ ಆಗತದ. ನಿಮ್ಮ ನೀಲಿ ಬಲೂನು ಅದ ನೋಡ್ರಿ.

ಬಾವಿ ಈಜು · ಹಾನಗಲ್ ಕಡೆ

ನೀರಿನ ಸುದ್ದಿ ಬಂತು ಅಂತ ಬರೀತೀನಿ. ನಾವು ಈಜು ಕಲಿತದ್ದು ಹೊಲದ ಬಾವ್ಯಾಗ, ಬೆನ್ನಿಗೆ ಒಣಾ ಕುಂಬಳಬುರುಡಿ ಕಟ್ಕೊಂಡು. ಒಂದು ಸಲ ಬ್ಯಾಸಗಿ ಸೂಟ್ಯಾಗ ಎಂಟು ಮಂದಿ ಹುಡುಗರು ಬಾವ್ಯಾಗ ಇದ್ವಿ. ನಮ್ಮ ಚಿಕ್ಕಪ್ಪನ ಮಗ ನನ್ನಿಂದ ಒಂದು ಮಾರು ದೂರದಾಗ ಇದ್ದ. ತಲಿ ಹಿಂದಕ್ಕ ವಾಲಿತ್ತು, ಬಾಯಿ ನೀರಿನ ಸಮಕ್ಕ, ಕಣ್ಣು ನನ್ನ ಕಡೆ. ನನ್ನ ನೋಡಿ ಆಟಾ ಮಾಡಾಕತ್ತಾನ ಅಂತ ನಕ್ಕೆ. ಮ್ಯಾಲೆ ಕಟ್ಟಿ ಮ್ಯಾಲೆ ಕುಂತಿದ್ದ ಅಜ್ಜ ಅಂಗಿ ಸುದ್ದಾ ಕಳೀದ ಜಿಗದ. ಆ ಹುಡುಗ ಮುಳಗಾಕತ್ತಿದ್ದ. ಒಂದ ಒಂದು ಸಪ್ಪಳ ಮಾಡಿರಲಿಲ್ಲ.

ಮುಂದ ಓದಿ ತಿಳೀತು, ನ್ಯೂಯಾರ್ಕಿನ ಬೀಚಿನ್ಯಾಗ ಲೈಫ್‌ಗಾರ್ಡ್ ಇದ್ದ ಫ್ರಾಂಕ್ ಪಿಯಾ ಅನ್ನಾಂವ ಮುಳುಗೂ ಮಂದಿದು ಫಿಲ್ಮ್ ತಗದು ಇದನ್ನ ತೋರಿಸ್ಯಾನಂತ. ಮುಳಗಾಂವಗ ಒದರಾಕ ಆಗೂದಿಲ್ಲ, ಯಾಕಂದ್ರ ಮೊದಲ ಉಸಿರು ಬೇಕು, ಆಮ್ಯಾಲೆ ಮಾತು. ಕೈ ಮ್ಯಾಲೆತ್ತಿ ಬೀಸಾಕ ಆಗೂದಿಲ್ಲ, ಎರಡೂ ಕೈ ತಾವ ತಾವ ಅಡ್ಡಕ್ಕ ನೀರು ಒತ್ತತಿರ್ತಾವ. ಇಪ್ಪತ್ತರಿಂದ ಅರವತ್ತು ಸೆಕೆಂಡ್, ಮುಗೀತು. ಪಿಕ್ಚರ್‌ನಾಗ? ಐದು ನಿಮಿಷ ಕೈ ಬೀಸಿ "ಕಾಪಾಡಿ... ಕಾಪಾಡಿ..."

ಹಾಂ, ಈ "ಕಾಪಾಡಿ" ಬಗ್ಗೆ ನಂಗ ಭಾಳ ಸಿಟ್ಟೈತಿ. ನಮ್ಮ ಕಡೆ ಯಾವಾಂವ ಸಾಯೂ ಮುಂದ "ಕಾಪಾಡಿ" ಅಂದಾನ್ರಿ? ಅಜ್ಜ ಎತ್ತಿ ಮ್ಯಾಲೆ ತಂದು ಬೆನ್ನು ಗುದ್ದಿದ ಮ್ಯಾಲೆ ಆ ಹುಡುಗನ ಬಾಯಿಂದ ಬಂದ ಮೊದಲನೇ ಮಾತು "ಯವ್ವಾ", ಎರಡನೇದ್ದು "ಅಪ್ಪಗ ಹೇಳಬ್ಯಾಡಜ್ಜಾ".

ಮಿರ್ಚಿ ಗಿರ್ಮಿಟ್

"ಅಪ್ಪಗ ಹೇಳಬ್ಯಾಡ" 😂 ಇದನ್ನ ಯಾವ ರೈಟರ್ ಬರದಾನು!

ನಂದೂ ಒಂದು ತಪ್ಪೊಪ್ಪಿಗಿ. ಮ್ಯಾಲೆ ಭಾರೀ ಶಾಣ್ಯಾನಂಗ ಬರದೆ. 2021ರಾಗ ನೃಪತುಂಗ ಬೆಟ್ಟದ ಕಡೆ ಚಿರತಿ ಬಂದೈತಿ ಅಂತ ಸುದ್ದಿ ಆದಾಗ ಊರಿಗೆ ಊರ ಬಾಗಲಾ ಹಾಕ್ಕೊಂಡು ಕುಂತಿತ್ತು. ನಾವು ನಾಕು ಮಂದಿ ಎರಡು ಬೈಕ್ ತಗೊಂಡು ರಾತ್ರಿ ನೋಡಾಕ ಹೋದ್ವಿ. ಅಲ್ಲಿ ಹೋಗಿ "ನೀವು ಆ ಕಡೆ ನೋಡ್ರಿ, ನಾವು ಈ ಕಡೆ ನೋಡ್ತೀವಿ" ಅಂದದ್ದು ನಾನ.

ಕುಂದಗೋಳದಿಂದ

ಎಲ್ಲಾರೂ ಹೆದರಿ ನಿಂತವರ ಕತಿ ಹೇಳಿದ್ರಿ. ನಮ್ಮ ತಾಲೂಕಿಂದು ಒಂದು ಹೇಳ್ತೀನಿ, ನಗೂ ಮಾತಲ್ಲ.

2016ರ ಫೆಬ್ರುವರಿ 3ಕ್ಕ ಸಿಯಾಚಿನ್‌ದಾಗ 19,600 ಅಡಿ ಎತ್ತರದಾಗ ಹಿಮ ಕುಸದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಅಡಿಗಾದ್ರು. ಅದರಾಗ ನಮ್ಮ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನ ಆದಮ್ಯಾಲೆ, ಮಾಮೂಲಿ ಮನಿ ಎರಡು ಅಂತಸ್ತು ಮುಚ್ಚೂವಷ್ಟು ಹಿಮದ ಕೆಳಗ, ಅವರನ್ನ ಜೀವಂತ ತಗದ್ರು. ನಮ್ಮ ಊರಾಗ ಆವತ್ತು ಸಕ್ಕರಿ ಹಂಚಿದ್ರು. ಫೆಬ್ರುವರಿ 11ಕ್ಕ ದಿಲ್ಲಿಯ ಮಿಲಿಟರಿ ದವಾಖಾನಿದಾಗ ಹೋಗಿಬಿಟ್ರು.

ಇದನ್ನ ಕತಿ ಅಂತ ಬರಕೊಂಡು ಯಾವನರ ಪ್ರೊಡ್ಯೂಸರ್ ಕಡೆ ಹೋದ್ರ "ಆರು ದಿನ? ಎರಡು ದಿನ ಮಾಡ್ರಿ, ನಂಬೂದಿಲ್ಲ ಮಂದಿ" ಅಂತಾನ. 2019ರ ಮಾರ್ಚಿನ್ಯಾಗ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಡ ಬಿದ್ದಾಗನೂ ಅಷ್ಟ. 19 ಮಂದಿ ಹೋದ್ರು. ಆದ್ರ ಮೂರು ದಿನದ ಮ್ಯಾಲೆ, ಇನ್ನ ಹೆಣಾನ ಸಿಗೂದು ಅಂತ ಎಲ್ಲಾರೂ ಅಂದ್ಕೊಂಡಾಗ, ಉಸಿರಿದ್ದವರು ಹೊರಗ ಬಂದ್ರು. ಟೀವಿ ಮುಂದ ಕುಂತ ನಮ್ಮಪ್ಪ "ಸುಳ್ಳು, ಹಳೇ ವಿಡಿಯೋ ಹಾಕ್ಯಾರ" ಅಂದಿದ್ದ. ನಂಬೂವಂಗ ಇರೂದು ಬ್ಯಾರೆ, ಖರೇ ಇರೂದು ಬ್ಯಾರೆ.

ರಾತ್ರಿಪಾಳಿ · ಹುಬ್ಬಳ್ಳಿ

ನಾನು ನರ್ಸ್. ಕ್ಯಾಶುವಲ್ಟಿಯಲ್ಲಿ ಹನ್ನೊಂದು ವರ್ಷ. ನನಗೆ ಈ ಸಿನಿಮಾಗಳನ್ನು ನೋಡುವುದಕ್ಕೇ ಆಗುವುದಿಲ್ಲ, ಮನೆಯಲ್ಲಿ ಟೀವಿ ಬಂದ್ ಮಾಡಿಸುತ್ತೇನೆ. ಆದರೆ ನೋಡಿದ್ದನ್ನು ಹೇಳಬಲ್ಲೆ.

ಬೈಪಾಸಿನಲ್ಲಿ ಲಾರಿಗೆ ಬಡಿದು ಬಂದವನು, ಮೊಣಕಾಲಿನ ಕೆಳಗೆ ಎಲುಬು ಹೊರಗೆ ಬಂದಿದೆ, ನನ್ನನ್ನು ಕೇಳಿದ್ದು "ಸಿಸ್ಟರ್, ನನ್ನ ಇನ್ನೊಂದು ಚಪ್ಪಲಿ ಎಲ್ಲೈತ್ರಿ?" ನೋವಿನ ಮಾತೇ ಇಲ್ಲ. ನೋವು ಅರ್ಧ ತಾಸು ಬಿಟ್ಟು ಬರುತ್ತದೆ, ಆಗ ತಡೆಯುವುದಕ್ಕಾಗುವುದಿಲ್ಲ. ಇನ್ನೊಬ್ಬರು ಬೈಕಿಗೆ ಸ್ಟ್ಯಾಂಡ್ ಹಾಕಿದ್ದಾರೋ ಇಲ್ಲವೋ ಅಂತ ಹತ್ತು ಸಲ ಕೇಳಿದರು, ಬೈಕ್ ಇರಲೇ ಇಲ್ಲ, ಎರಡು ತುಂಡಾಗಿತ್ತು. ಜೋರಾಗಿ ಕೂಗುವವರನ್ನು ನಾವು ಸ್ವಲ್ಪ ತಡವಾಗಿ ನೋಡುತ್ತೇವೆ, ಕೂಗುವಷ್ಟು ಉಸಿರಿದೆಯಲ್ಲ ಅಂತ. ಸುಮ್ಮನೆ ಮಲಗಿ "ನಂಗೇನಾಗಿಲ್ರಿ, ಆಕಿನ್ನ ನೋಡ್ರಿ" ಅನ್ನುವವರ ಹತ್ತಿರ ಓಡುತ್ತೇವೆ.

ಇನ್ನು ಅಳು. ಸಿನಿಮಾದಲ್ಲಿ ಎಲ್ಲರೂ ಆ ಕ್ಷಣಕ್ಕೇ ಅಳುತ್ತಾರೆ. ನಾನು ನೋಡಿದ ಹಾಗೆ ಅಳು ಮೂರನೇ ದಿನ, ವಾರ್ಡಿನಲ್ಲಿ ಯಾರೋ ಚಹಾ ತಂದುಕೊಟ್ಟಾಗ, ಅದಕ್ಕೆ ಸಕ್ಕರೆ ಕಡಿಮೆ ಅಂತ.

ಸೆಕೆಂಡ್ ಶೋ · ಧಾರವಾಡ

ಪಿಕ್ಚರ್‌ಗಳ ಪರವಾಗಿ ಒಬ್ಬನಾದ್ರೂ ಮಾತಾಡಬೇಕಲ್ಲ. ಎಲ್ಲರೂ ತಪ್ಪು ಮಾಡೂದಿಲ್ಲ. ಖರೇ ಬದುಕಿ ಬಂದವರ ಮಾತು ಕೇಳಿ ಮಾಡಿದ್ದು ಬೇರೆನ ಇರ್ತಾವ. 'ಟಚಿಂಗ್ ದ ವಾಯ್ಡ್' ಅಂತ 2003ರ ಸಾಕ್ಷ್ಯಚಿತ್ರ ಐತಿ. 1985ರಾಗ ಪೆರು ದೇಶದ ಗುಡ್ಡದಾಗ ಜೋ ಸಿಂಪ್ಸನ್ ಕಾಲು ಮುರಕೊಂಡು ಹಿಮದ ಸೀಳಿನೊಳಗ ಬಿದ್ದು, ಮೂರು ದಿನ ತೆವಳಿಕೊಂಡು ಕ್ಯಾಂಪಿಗೆ ಬಂದ. ಕಡೀಕ ಅವನ ತಲ್ಯಾಗ ಏನು ಓಡಾಕತ್ತಿತ್ತು? ದೇವರಲ್ಲ, ಹಡದವ್ವ ಅಲ್ಲ. ಬೋನಿ ಎಮ್ ಗುಂಪಿನ ಒಂದು ಹಾಡು. ಅವಗ ಆ ಹಾಡು ಸೇರ್ತಾನೂ ಇರಲಿಲ್ಲ. ತಾಸುಗಟ್ಟಲೆ ಅದ ಹಾಡು. ಇದರ ಜೋಡಿನ ಸಾಯ್ತೀನೇನಪ್ಪಾ ಅಂತ ಅವಗ ಬ್ಯಾಸರ ಆತಂತ.

ದಕ್ಷಿಣ ಅಮೇರಿಕಾದ ಆಂಡೀಸ್ ಗುಡ್ಡದ ಹಿಮದಾಗ ವಿಮಾನ ಬಿದ್ದ ಕತಿ ಎಲ್ಲರಿಗೂ ಗೊತ್ತು, 1972ರ ಅಕ್ಟೋಬರ್ 13, 45 ಮಂದಿಯೊಳಗ 72 ದಿನ ಆದಮ್ಯಾಲೆ ಉಳದು ಬಂದವರು 16. ಸತ್ತವರ ಮಾಂಸ ತಿಂದದ್ದನ್ನ ಎಲ್ಲರೂ ಹೇಳ್ತಾರ. ನನಗ ಮನಸ್ಸಿನ್ಯಾಗ ನಿಂತದ್ದು ಬೇರೆ. ಅವರ ಹತ್ತಿರ ಸಣ್ಣ ರೇಡಿಯೋ ಇತ್ತು. ಹುಡುಕೂದು ನಿಲ್ಲಿಸ್ಯಾರ ಅನ್ನೋ ಸುದ್ದಿ ಅದರಾಗ ಕೇಳಿದ ಹುಡುಗರೊಳಗ ಒಬ್ಬ ಹೋಗಿ ಉಳದವರಿಗೆ ಅದನ್ನ ಒಳ್ಳೆ ಸುದ್ದಿ ಅಂತ ಹೇಳಿದ. ಇನ್ನ ಯಾರ ದಾರಿನೂ ಕಾಯಬೇಕಿಲ್ಲ, ನಾವ ಹೋಗೂದು ಅಂತ. ಕತಿಗಾರ ಇದನ್ನ ತಾನ ಹುಟ್ಟಿಸಿ ಬರದಿದ್ರ ನಾವು "ಏನ್ ಪುಂಗಿ" ಅಂತಿದ್ವಿ. ಕಡೀಕ ಇಬ್ಬರು ಹತ್ತು ದಿನ ಗುಡ್ಡ ದಾಟಿ ನಡದು ಒಬ್ಬ ದನಗಾಹಿಗೆ ಸಿಕ್ಕ ಮ್ಯಾಲೆನ ಉಳದವರ ಜೀವ ಉಳೀತು.

ಹಂಗಾಗಿ ನನ್ನ ಲೆಕ್ಕ ಇಷ್ಟ. ನೋಡಿದ ಕೂಡ್ಲೆ "ಹೌದು, ಹಿಂಗ ಮಾಡ್ತಾರ" ಅನಸಿದ್ರ ಅದು ಬೇರೆ ಪಿಕ್ಚರ್ ನೋಡಿ ಬರದದ್ದು. "ಇದೇನಿದು ಹುಚ್ಚರಂಗ" ಅನಸಿದ್ರ ಯಾರೋ ಅನುಭವಿಸಿದಾಂವನ ಕೇಳ್ಯಾರ ಅಂತ ಸಂಶಯ ಪಡ್ತೀನಿ. ಎಲ್ಲಾ ಸಲ ಅಲ್ಲ. ದೆವ್ವದ ಮನ್ಯಾಗ ಬೇರೆ ಬೇರೆ ಆಗೂದು ಹುಚ್ಚುತನನ, ಅದಕ್ಕ ನನ್ನ ಹತ್ತಿರ ವಕೀಲಿ ಇಲ್ಲ. (ಮಿರ್ಚಿದು ಬಿಟ್ಟು.)

ಗದಗ ಗಾಲಿ

ನಮ್ಮಪ್ಪ ಬಸ್ ಕಂಡಕ್ಟರ್ ಇದ್ದ, ರಿಟೈರ್ ಆಗ್ಯಾನ. ಅಣ್ಣಿಗೇರಿ ದಾಟಿದ ಮ್ಯಾಲೆ ಒಂದು ಸಲ ಬಸ್ಸಿನ ಮುಂದ ಹೊಗಿ ತುಂಬಿತಂತ. ಡ್ರೈವರ್ ಬಾಜೂಕ ನಿಲ್ಲಿಸಿ "ಇಳೀರಿ ಇಳೀರಿ" ಅಂದ. ಯಾರೂ ಏಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದ್ರು, ಮೇಡಂ ಹೇಳಿದ್ರಲ್ಲ ಹಂಗ. ಅಪ್ಪ ಕಡೀಕ ಹೆಸರಿಟ್ಟು ಒದರಿದ್ನಂತ, "ಏ ಕೆಂಪ ರುಮಾಲ, ಎದ್ದೇಳು! ಏ ಹಸರ ಸೀರಿ ಅಕ್ಕಾ, ಇಳಿ!" ಹಂಗ ಒಬ್ಬೊಬ್ಬರಿಗೆ ಹೇಳಿದ ಮ್ಯಾಲೆ ಎದ್ರು, ಅದೂ ಗಂಟು ಮೂಟಿ ಸಮೇತ. ಎಲ್ಲಾರೂ ಇಳದು ಹೊಗಿ ದಟ್ಟ ಆದಾಗ ಒಬ್ಬ ಮುದುಕ ಹೊಳ್ಳಿ ಬಾಗಲತನಕ ಬಂದ. ಅಪ್ಪ "ಏನು ಬಿಟ್ಟೀಯೋ ಯಜ್ಜಾ" ಅಂದ್ರ "ನನ್ನ ಏಳು ರೂಪಾಯಿ ಚಿಲ್ಲರ ಕೊಡಬೇಕು ನೀ" ಅಂದನಂತ.

ಅಪ್ಪ ಹೊಗಿಯೊಳಗ ನಿಂತು ಎಣಿಸಿ ಕೊಟ್ಟ. ಅವಂದೂ ತಲಿ ಅಷ್ಟ ಓಡಿತ್ತು ಅನ್ರಿ.

ಉಣಕಲ್ ಸಂಜಿಗಾಳಿ

ಏಳು ರೂಪಾಯಿ 🙏

ನಾನು ಸೋತೆ ಅಂತ ಪೂರಾ ಒಪ್ಪೂದಿಲ್ಲ. ತೊಲಿ ಕೆಳಗಿನ ಡೈಲಾಗಿಗೆ ಯಾರೂ ಉತ್ತರ ಕೊಟ್ಟಿಲ್ಲ, ಮಾಸ್ತರು ಬೈದ್ರು ಅಷ್ಟ. ಅದು ಹಂಗ ಇರ್ಲಿ. ಕೊಣ್ಣೂರಾಂವ, ಒಂದು ಕೇಳಬೇಕಿತ್ತು, ತಪ್ಪು ತಿಳೀಬ್ಯಾಡ್ರಿ. ಆ ಕೀಲಿ ಏನಾತು?

ಕೊಣ್ಣೂರಾಂವ

ತಪ್ಪೇನೈತ್ರಿ. ಸಾಲ್ಯಾಗ ಮಾಡಿದ ಗಂಜಿ ಕೇಂದ್ರದಾಗ ಇದ್ವಿ, ಒಂಬತ್ತು ದಿನ. ಕೀಲಿಕೈ ಅವ್ವನ ಸೊಂಟದಾಗ ಇತ್ತು. ರಾತ್ರಿ ಮಲಗೂ ಮುಂದ ಮುಟ್ಟಿ ನೋಡ್ಕೋತಿದ್ಲು.

ನೀರು ಇಳದ ಮ್ಯಾಲೆ ಹೋದ್ವಿ. ನಮ್ಮದು ಮಣ್ಣಿನ ಗ್ವಾಡಿ. ಬಡಗಣ ಗ್ವಾಡಿ ಪೂರ್ತಿ ಬಿದ್ದಿತ್ತು, ಹಿತ್ತಲದ ಗ್ವಾಡಿ ಅರ್ಧ. ಒಳಗ ಜ್ವಾಳ ಕೊಳತ ವಾಸನಿ, ಅಟ್ಟ ಸುದ್ದಾ ಇಳದು ಬಂದಿತ್ತು. ಹಾಲಿನ ಗುಂಡಿಗಿ ಸಿಗಲೇ ಇಲ್ಲ. ಮುಂದಿನ ಬಾಗಲ ಚೌಕಟ್ಟು ಮಾತ್ರ ಹಂಗ ನಿಂತಿತ್ತು, ಕೀಲಿ ಬಿದ್ದದ್ದು ಬಿದ್ದಂಗ.

ನಾನು, ಅಪ್ಪ ಬಿದ್ದ ಗ್ವಾಡಿ ಮ್ಯಾಲಿಂದ ದಾಟಿ ಒಳಗ ಹೋದ್ವಿ. ಅವ್ವ ಬರಲಿಲ್ಲ. ಸುತ್ತು ಹಾಕಿ ಮುಂದ ಬಂದ್ಲು, ಹೊಸ್ತಿಲ ಮ್ಯಾಲಿನ ರಾಡಿ ಕೈಯಿಂದ ಬಳದ್ಲು, ಸೊಂಟದಿಂದ ಕೀಲಿಕೈ ತಗದ್ಲು. ತುಕ್ಕು ಹಿಡದಿತ್ತು, ಲಗೂನ ತಿರಗಲಿಲ್ಲ. ಅಪ್ಪ ಒಳಗಿಂದ "ಏ, ಇತ್ಲಾಗ ಬಾರ, ಗ್ವಾಡಿನ ಇಲ್ಲಿಲ್ಲ" ಅಂದ. ಆಕಿ ಕೇಳಲಿಲ್ಲ. ಕೊಬ್ಬರಿಎಣ್ಣಿ ಬ್ಯಾರೆಯವರ ಮನಿಂದ ತಂದು, ನಾಕು ಹನಿ ಬಿಟ್ಟು, ಕೀಲಿ ತಗದು ಬಾಗಲಾ ನೂಕಿ ಒಳಗ ಬಂದ್ಲು.